ಮುಂದೆ ಆರ್‌ಸಿಸಿ, ಹಿಂದೆ ಮಾಳಿಗೆ

ನಮ್ಮ ಶಾಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಹೆಡ್‌ಮಾಸ್ಟರಿಂದ ಹಿಡಿದು ಬಿಸಿಯೂಟ ಮಾಡುವ ಅಮ್ಮನವರೆಗೆ ಎಲ್ಲರಿಗೂ ‘ಹೊಲಿಗೆ ಮೇಡಂ’. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ಬರೆಯುವ ಯೋಗ್ಯತೆ ಇದ್ದವರು ಬರೆಯಲಿ. ಗುಬ್ಬಿಯ ಆ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಕಾಜ, ಗುಂಡಿ, ನೆರಿಗೆ ಕಲಿಸಿ, ನಿವೃತ್ತರಾಗಿ, ಕುಣಿಗಲ್ಲಿನ ತಮ್ಮ ಮನೆಯಲ್ಲಿದ್ದರು. ಈ ಯುಗಾದಿ ಕಳೆದ ಮೇಲೆ ತೀರಿಕೊಂಡರು.

ಶಾಲೆಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಹೋದ ವರ್ಷವೇ ನಿವೃತ್ತನಾದ ನನ್ನನ್ನೂ ಕರೆದಿದ್ದರು. ಸಮಾಜ ವಿಜ್ಞಾನದ ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಸಾವು, ಮದುವೆ, ಸ್ವಾತಂತ್ರ್ಯ ದಿನಾಚರಣೆ ಈ ಮೂರಕ್ಕೂ ಭಾಷಣ ಮಾಡುವ ಘನ ಜವಾಬ್ದಾರಿ ಮೂವತ್ತು ವರ್ಷದಿಂದ ನನ್ನ ಹೆಗಲ ಮೇಲಿತ್ತು. ಮಾತಾಡಿದೆ. ಚೆನ್ನಾಗಿ ಮಾತಾಡಿದಿರಿ ಎಂದು ನಾಲ್ಕು ಜನ ಕೈ ಕುಲುಕಿದರು. ಲೆಕ್ಕದ ಮೇಷ್ಟ್ರು ಪಕ್ಕಕ್ಕೆ ಬಂದು, “ಪಾಪ, ಅಂಥ ಹೆಂಗಸಿಗೆ ಕೊನೆ ವರ್ಷದಲ್ಲಿ ಸರ್ವೀಸ್ ರಿಜಿಸ್ಟರಲ್ಲಿ ಅದೊಂದು ಕಪ್ಪುಚುಕ್ಕೆ ಆಗಿಬಿಡ್ತಲ್ಲ ಸಾರ್. ಆ ಮನೆ ಸರ್ವೆ ಕಥೆ,” ಅಂದರು. ನಾನು ತಲೆ ಅಲ್ಲಾಡಿಸಿ, “ಹಣೆಬರಹ,” ಅಂದೆ.

ಹಣೆಬರಹವಲ್ಲ. ನನ್ನ ಬರಹ. ಅದನ್ನು ಹೇಳುವ ಮೊದಲು ಮೇಡಂ ಎಂಥವರು ಎಂಬುದನ್ನು ಹೇಳಬೇಕು.

ಆಗ ಇಬ್ಬರದೂ ತುಮಕೂರಿನಲ್ಲಿ ಬಾಡಿಗೆ ಮನೆ. ದಿನಾ ಒಂದೇ ಬಸ್ಸು. ಅವರು ಹೋಗುವಾಗಲೂ ಎಡಗಡೆ ಕಿಟಕಿ, ಬರುವಾಗಲೂ ಎಡಗಡೆ ಕಿಟಕಿ. ಯಾಕೆ ಮೇಡಂ ಎಂದು ಕೇಳಿದ್ದಕ್ಕೆ, “ಹಿಂಗ್ ಕೂತ್ರೆ ರಸ್ತೆಯ ಎರಡೂ ಮಗ್ಗುಲು ದಿನಕ್ಕೊಂದು ಸಲ ನೋಡ್ದಂಗಾಗುತ್ತೆ ಸಾರ್,” ಅಂದಿದ್ದರು. ಅವರು ನೋಡುತ್ತಿದ್ದದ್ದು ತೆಂಗನ್ನೂ ಅಲ್ಲ, ಕೆರೆಯನ್ನೂ ಅಲ್ಲ. ಮನೆಗಳನ್ನು. ನಾವು ಪರಿಚಯದವರ ಮುಖ ನೋಡಿ ಇವರು ಇಂಥವರ ಅಣ್ಣ, ಅವರು ಇಂಥವರ ಭಾವ ಎಂದು ಗುರುತು ಹಿಡಿಯುವ ಹಾಗೆ ಅವರು ಮನೆಗಳನ್ನು ಗುರುತು ಹಿಡಿಯುತ್ತಿದ್ದರು.

“ಸಾರ್, ಅದು ಯಾವ್ದು ಹೇಳಿ?”

“ಮನೆ.”

“ಮನೆ ಅಂತ ಎಮ್ಮೆಗೂ ಗೊತ್ತು. ಸಂಜೆ ಆದ್ರೆ ತಾನೇ ಹುಡುಕ್ಕೊಂಡು ಬರುತ್ತೆ. ಯಾವ ಥರದ ಮನೆ ಹೇಳಿ.”

“ಹೆಂಚಿನ ಮನೆ.”

“ಯಾವ ಹೆಂಚು?”

ಅಲ್ಲಿಗೆ ನನ್ನ ವಿದ್ವತ್ತು ಮುಗಿಯುತ್ತಿತ್ತು. ಅವರದು ಶುರುವಾಗುತ್ತಿತ್ತು. ಎಲ್ಲವೂ ಬಟ್ಟೆಯ ಭಾಷೆಯಲ್ಲಿ. ಮಂಗಳೂರು ಹೆಂಚು ಅಂದರೆ ರೆಡಿಮೇಡ್ ಶರ್ಟು, ಎಲ್ಲಾ ಒಂದೇ ಅಳತೆ, ಒಂದು ಹರಿದರೆ ಅದೇ ನಂಬರಿನದು ತಂದು ಹಾಕಬಹುದು. ನಾಡಹೆಂಚು ಕೈಹೊಲಿಗೆ, ಕುಂಬಾರ ತೊಡೆಯ ಮೇಲೆ ತಟ್ಟಿದ್ದು, ಒಂದರಂತೆ ಇನ್ನೊಂದಿಲ್ಲ. ಚಪ್ಪಡಿ ಕಲ್ಲು ಹೊದಿಸಿದ ಮನೆ ಕಂಬಳಿ: ಭಾರ, ಆದರೆ ಮೂರು ತಲೆಮಾರು ಬರುತ್ತೆ. ನಡುವೆ ಅಂಗಳ ಬಿಟ್ಟು ಸುತ್ತ ಕಟ್ಟಿದ ತೊಟ್ಟಿ ಮನೆ ನೆರಿಗೆ ಲಂಗ. ಇನ್ನು ಆರ್‌ಸಿಸಿ? “ಪಾಲಿಯೆಸ್ಟರ್ ಸಾರ್. ಇಸ್ತ್ರಿ ಬೇಡ, ಬೆವರೂ ಹೀರಲ್ಲ.” ತುಮಕೂರಿನ ಹಳೇ ಬಡಾವಣೆಯಲ್ಲಿ ಕಿಟಕಿಯ ಮೇಲೆ ಚೂಪಾದ ಮರದ ಟೋಪಿ ಇಟ್ಟ ಬಂಗಲೆ ಒಂದೆರಡು ಉಳಿದಿದ್ದವು. ಅದನ್ನು ಮಂಕಿ ಟಾಪ್ ಅಂತಾರೆ ಎಂದು ನಾನು ಎಲ್ಲೋ ಓದಿದ್ದನ್ನು ಒಪ್ಪಿಸಿದೆ. ಮೇಡಂ ಒಂದು ಕ್ಷಣ ಯೋಚಿಸಿ, “ಕೋತಿ ಯಾಕೆ ಬಂತು ಅದ್ರಲ್ಲಿ? ಬಿಸಿಲಿಗೆ ಸೆರಗು ಹೊದ್ಕೊಂಡಂಗೈತೆ,” ಅಂದರು. ಅದಾದ ಮೇಲೆ ನನಗೆ ಆ ಕಿಟಕಿಗಳು ಸೆರಗು ಹೊದ್ದ ಹೆಂಗಸರಂತೆಯೇ ಕಾಣುತ್ತವೆ. ಪುಸ್ತಕದಲ್ಲಿ ಓದಿದ್ದು ಅಳಿಸಿಹೋಗಿದೆ.

ಅವರ ಒಂದು ಮಾತು ನಮ್ಮ ಸ್ಟಾಫ್‌ರೂಮಿನಲ್ಲಿ ಗಾದೆಯೇ ಆಗಿತ್ತು: “ಮನೇನ ಮುಖ ನೋಡಿ ಹೇಳ್ಬಾರ್ದು ಸಾರ್. ಮಗ್ಗುಲು ನೋಡಿ ಹೇಳ್ಬೇಕು.” ಮುಂಭಾಗಕ್ಕೆ ಎಲ್ಲರೂ ಬಣ್ಣ ಹೊಡೆಸುತ್ತಾರೆ. ಮಗ್ಗುಲಿಗೆ ಹೋದರೆ ಗೋಡೆ ಎಷ್ಟು ದಪ್ಪ, ಕಿಟಕಿ ಎಷ್ಟು ಆಳ, ನೀರು ಹೋಗಲು ಸೂರಿನಿಂದ ತಗಡಿನ ದೋಣಿ ಚಾಚಿದೆಯೋ ಅಥವಾ ಪೈಪು ಇಳಿದಿದೆಯೋ, ಎಲ್ಲ ಗೊತ್ತಾಗುತ್ತದೆ.

ಲೆಕ್ಕದ ಮೇಷ್ಟ್ರು ತುಮಕೂರಿನಲ್ಲಿ ಡ್ಯುಪ್ಲೆಕ್ಸ್ ಕಟ್ಟಿಸಿದಾಗ ನಾವೆಲ್ಲ ಗೃಹಪ್ರವೇಶಕ್ಕೆ ಹೋಗಿದ್ದೆವು. ಮುಂದೆ ರೋಮ್ ಚಕ್ರವರ್ತಿಗೂ ಹೆಚ್ಚೆನ್ನಿಸುವ ನಾಲ್ಕು ಕಂಬ, ಮೇಲೆ ಗಾಜು, ಮೆಟ್ಟಿಲಿಗೆ ಸ್ಟೀಲ್ ಕಂಬಿ. ಎಲ್ಲರೂ ಹೊಗಳಿದರು. ಮೇಡಂ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, “ಭಾಳ ಚೆನ್ನಾಗೈತೆ ಸಾರ್. ತಾರಸಿ ನೀರು ಎಲ್ಲಿಗೆ ಹೋಗುತ್ತೆ?” ಅಂತ ಕೇಳಿದರು. ಮೇಷ್ಟ್ರಿಗೆ ಅಸಮಾಧಾನವಾಯಿತು. ಶ್ರಾವಣದಲ್ಲಿ ಆ ಪ್ರಶ್ನೆಗೆ ಉತ್ತರ ಸಿಕ್ಕಿತು: ದೇವರ ಮನೆಗೆ.

ಈ ವಿದ್ಯೆ ಅವರಿಗೆ ಬಂದದ್ದು ಅಪ್ಪನಿಂದ. ಅವರ ಅಪ್ಪ ಹೆಬ್ಬೂರು ಕಡೆ ಮಾಳಿಗೆ ಹಾಕುವ ಕೆಲಸದವರು. ಮಾಳಿಗೆ ಅಂದರೆ ಮಣ್ಣಿನ ಚಪ್ಪಟೆ ಸೂರು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಕಡ್ಡಿ, ಸೊಪ್ಪು, ಆಮೇಲೆ ತುಳಿದ ಮಣ್ಣು. ಎಲ್ಲಕ್ಕೂ ಮೇಲೆ, ನೀರು ಇಳಿಯದ ಹಾಗೆ, ಚೌಳು ಮಣ್ಣು. ಆ ಚೌಳು ಮಣ್ಣನ್ನು ವರ್ಷ ವರ್ಷ ಮಳೆಗೆ ಮೊದಲು ಹೊಸದಾಗಿ ಹರಡಬೇಕು. ಚಿಕ್ಕಂದಿನಲ್ಲಿ ಮಣ್ಣು ತುಳಿಯಲು ಅಪ್ಪ ಈಕೆಯನ್ನು ಸೂರಿನ ಮೇಲೆ ಹತ್ತಿಸುತ್ತಿದ್ದರಂತೆ. ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಎಂಬುದು ಅಂಗಾಲಿಗೇ ಗೊತ್ತಾಗುತ್ತಿತ್ತಂತೆ. ಬೇರೆಲ್ಲ ಮನೆಗಳನ್ನು ಬಟ್ಟೆಗೆ ಹೋಲಿಸುತ್ತಿದ್ದ ಮೇಡಂ ಮಾಳಿಗೆ ಮನೆಯನ್ನು ಯಾವುದಕ್ಕೂ ಹೋಲಿಸಿದ್ದನ್ನು ನಾನು ಕೇಳಿಲ್ಲ. ಒಂದು ಸಲ ಮಾತ್ರ ಅಂದಿದ್ದರು: “ಮಾಳಿಗೆ ಮಳೆಗೆ ಬೀಳಲ್ಲ ಸಾರ್. ಮರೆತ್ರೆ ಬೀಳುತ್ತೆ.”

ಆರೇಳು ವರ್ಷದ ಹಿಂದೆ ನಮಗೆ ಮನೆ ಸಮೀಕ್ಷೆಯ ಕೆಲಸ ಬಂತು. ಯಾವ್ಯಾವ ಮನೆಯ ಸೂರು ಎಂಥದು ಎಂದು ಬರೆದುಕೊಂಡು, ಮಣ್ಣಿನ ಸೂರಿನವರಿಗೆ ಹೊಸ ಸೂರು ಹಾಕಿಸಿಕೊಡುವ ಯೋಜನೆ. ಮೇಷ್ಟರುಗಳು ಇರುವುದು ಇಂಥ ಕೆಲಸಕ್ಕೇ ಎಂಬುದು ಎಲ್ಲ ಕಾಲದ ಸರ್ಕಾರಗಳೂ ಒಪ್ಪಿದ ಸತ್ಯ. ಇಬ್ಬಿಬ್ಬರ ತಂಡ. ಸರ್ವೀಸಿನಲ್ಲಿ ಹಿರಿಯರು ಅಂತ ಮೊಬೈಲ್ ಆ್ಯಪಿನ ಲಾಗಿನ್ ಮೇಡಂ ಹೆಸರಿನಲ್ಲಿ ಬಂತು. ಅವರಿಗೆ ಮೊಬೈಲು ಅಷ್ಟಕ್ಕಷ್ಟೆ. “ಸಾರ್, ಇದನ್ನ ನೀವೇ ಒತ್ತಿ. ನಾನು ಮನೆ ನೋಡ್ತೀನಿ,” ಎಂದು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು.

ಹೀಗೆ ಕೆಲಸ ಹಂಚಿಕೆಯಾಯಿತು. ಅವರು ಒಳಗೆ ಹೋಗಿ ನೋಡಿ, ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಬರೆಯುವುದು. ನಾನು ಹೊರಗೆ ಮನೆಯ ಮುಂದೆ ನಿಂತು ಫೋಟೋ ತೆಗೆದು, ಅವರು ಬರೆದದ್ದನ್ನು ನೋಡಿಕೊಂಡು ಮೊಬೈಲಿಗೆ ಏರಿಸುವುದು.

ಅವರು ಒಳಗೆ ಹೋಗುತ್ತಿದ್ದ ರೀತಿಯೇ ಒಂದು ತಮಾಷೆ. ಕೊರಳಲ್ಲಿ ಅಳತೆಯ ಟೇಪು ಸದಾ ನೇತಾಡುತ್ತಿತ್ತು. ಅದು ಅವರಿಗೆ ಮರೆತೇಹೋದ ಆಭರಣ. ಅದನ್ನು ನೋಡಿದ ಕೂಡಲೇ ಬೀದಿಯ ಹೆಂಗಸರು, “ಬ್ಲೌಸ್ ಹೊಲೀತೀರಾ ಮೇಡಂ? ಒಂದಿಷ್ಟು ಅಳತೆ ನೋಡಿ ಬನ್ನಿ,” ಎಂದು ನಡುಮನೆಗೆ ಕರೆದುಕೊಂಡು ಹೋಗಿ ಕದ ಹಾಕಿಕೊಳ್ಳುತ್ತಿದ್ದರು. ಬೇರೆ ತಂಡದವರಿಗೆ ಜಗುಲಿ ದಾಟಲು ಆಗುತ್ತಿರಲಿಲ್ಲ. ಇವರು ತೋಳಿನ ಅಳತೆ ಹಿಡಿಯುತ್ತಾ ಕತ್ತೆತ್ತಿ ಜಂತಿ ಎಣಿಸುತ್ತಿದ್ದರು. ಗೋಡೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿ ಕೊಟ್ಟು, ಹೊರಗೆ ಬಂದು ಬರೆಯುತ್ತಿದ್ದರು. ಸಮೀಕ್ಷೆ ಮುಗಿಯುವ ಹೊತ್ತಿಗೆ ಅವರ ಬಳಿ ಹದಿನೇಳು ಬ್ಲೌಸಿನ ಅಳತೆ ಇತ್ತು. ಅಷ್ಟನ್ನೂ ಹೊಲಿದು ಕೊಟ್ಟರು.

ಕೊನೆಯ ಬೀದಿಯಲ್ಲಿ ಒಂದು ರೋಸ್ ಬಣ್ಣದ ಮನೆ. ಮುಂದೆ ಸಿಮೆಂಟಿನ ಸಜ್ಜ, ಎರಡು ಕಂಬ, ಗ್ರಿಲ್ಲು, ಬಾಗಿಲ ಮೇಲೆ ಸಿಮೆಂಟಿನದೇ ಎರಡು ನವಿಲು. ಮನೆಯ ಯಜಮಾನ ತೆಂಗಿನಕಾಯಿ ವ್ಯಾಪಾರದ ಮಂಡಿಯಲ್ಲಿ ಕಾಯಿ ಸುಲಿಯುವವನು. ನೆಟ್ಟ ಕಬ್ಬಿಣಕ್ಕೆ ಕಾಯಿ ಚುಚ್ಚಿ ತಿರುಗಿಸಿದರೆ ಮೂರು ಏಟಿಗೆ ಸಿಪ್ಪೆ ಕಳಚುತ್ತಿತ್ತು. ಬೆಳಗಿನಿಂದ ಸಂಜೆವರೆಗೆ ನಿಂತೇ ಮಾಡುವ ಕೆಲಸ. ನಾನು ಆ ಮನೆಯ ಮುಂದೆ ನಿಂತು, “ಅಚ್ಚುಕಟ್ಟು ಆರ್‌ಸಿಸಿ ಮನೆ ಮೇಡಂ. ಇದನ್ನ ಏನು ನೋಡ್ತೀರಿ,” ಅಂದೆ. ಅವರು ಆಗಲೇ ಮಗ್ಗುಲಿಗೆ ಹೋಗಿದ್ದರು. ಒಳಗಿಂದ ಬರುವಾಗ ಮುಖ ಸಪ್ಪಗಿತ್ತು.

“ಮುಂದೆ ಹತ್ತಡಿ ಆರ್‌ಸಿಸಿ ಸಾರ್. ಹಿಂದೆ ಪೂರ್ತಿ ಮಾಳಿಗೆ. ಮಗಳನ್ನ ನೋಡೋಕೆ ಗಂಡಿನೋರು ಬರ್ತಾರೆ ಅಂತ ಮುಖ ಮಾತ್ರ ಮಾಡ್ಸವ್ರೆ. ಮೂರು ವರ್ಷದಿಂದ ಚೌಳು ಮಣ್ಣು ಹಾಕ್ಸಿಲ್ಲ. ನಡುಮನೆ ಜಂತಿ ಗೆದ್ಲು ತಿಂದೈತೆ, ಬೆರಳು ಒತ್ತಿದ್ರೆ ಒಳಕ್ಕೆ ಹೋಗುತ್ತೆ.”

ನೋಟ್‌ಬುಕ್ಕಿನಲ್ಲಿ ‘ಮಾಳಿಗೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಆ ಹೊತ್ತಿಗೆ ಅವರ ಕಾಲು ಊದಿಕೊಂಡಿತ್ತು. ಬೀದಿಯ ಮನೆಗಳೆಲ್ಲ ನೋಡಿ ಆಗಿತ್ತು, ಏರಿಸುವುದಷ್ಟೇ ಬಾಕಿ. ನೋಟ್‌ಬುಕ್ಕು ನನ್ನ ಕೈಗೆ ಕೊಟ್ಟು ಬಸ್‌ಸ್ಟ್ಯಾಂಡಿನ ಕಡೆ ಹೊರಟವರು ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತರು.

“ಸಾರ್, ಆ ರೋಸ್ ಮನೆ ಮಾತ್ರ ಮರೀಬೇಡಿ. ಒಳಗಿನ ಫೋಟೋ ತೆಗೀಲೇಬೇಕು.”

“ಆಯ್ತು ಮೇಡಂ, ನೀವು ಹೊರಡಿ.”

ಈಗ ಆ ಆ್ಯಪಿನ ಗುಣ ಹೇಳಬೇಕು. ಸೂರು ಯಾವುದು ಎಂಬಲ್ಲಿ ‘ಕಾಂಕ್ರೀಟ್’ ಎಂದು ಒತ್ತಿದರೆ ಆ ಮನೆ ಮುಗಿಯಿತು. ಹಸಿರು ಗುರುತು ಬರುತ್ತದೆ. ‘ಮಣ್ಣು’ ಎಂದು ಒತ್ತಿದರೆ ಇನ್ನೂ ಒಂಬತ್ತು ಪ್ರಶ್ನೆ ತೆರೆಯುತ್ತದೆ. ಉದ್ದ ಎಷ್ಟು, ಅಗಲ ಎಷ್ಟು, ಸೂರಿನ ಕೆಳಗಿನಿಂದ ಫೋಟೋ, ಯಜಮಾನನನ್ನು ನಿಲ್ಲಿಸಿಕೊಂಡು ಇನ್ನೊಂದು ಫೋಟೋ. ಒಂದು ಮಣ್ಣಿನ ಸೂರಿಗೆ ಅರ್ಧ ಗಂಟೆ. ಅದೇ ಮಧ್ಯಾಹ್ನ ಒಂದು ಫೋನು ಬಂದಿತ್ತು: ತಾಲ್ಲೂಕಿಗೆ ಮೊದಲು ಮುಗಿಸುವ ತಂಡಕ್ಕೆ ಸಭೆಯಲ್ಲಿ ಶಾಲು ಹೊದಿಸುತ್ತಾರಂತೆ, ಇನ್ನೊಂದು ಶಾಲೆಯವರಿಗೆ ಬರೀ ಹತ್ತು ಮನೆ ಬಾಕಿಯಂತೆ.

ನನಗೆ ಬಾಕಿ ಇದ್ದದ್ದು ಹದಿನಾಲ್ಕು. ಎಲ್ಲವೂ ಮಾಳಿಗೆ.

ನಾನು ಹೋಟೆಲಿನಲ್ಲಿ ಕೂತೆ. ಖಾಲಿ ದೋಸೆ ಹೇಳಿದೆ. ಮುಂಭಾಗದ ಫೋಟೋಗಳು ಮೊಬೈಲಿನಲ್ಲಿ ಇದ್ದೇ ಇದ್ದವು. ದೋಸೆ ಬರುವ ಹೊತ್ತಿಗೆ ಹದಿನಾಲ್ಕು ಮನೆಗೂ ಆರ್‌ಸಿಸಿ ಸೂರು ಹಾಕಿಸಿದ್ದೆ. ಗಾರೆಯವರು ಬೇಡ, ಸಿಮೆಂಟು ಬೇಡ, ಒಂದು ಬೆರಳು ಸಾಕಾಯಿತು. ಇಷ್ಟು ಬೇಗ ಇಷ್ಟು ಮನೆ ಕಟ್ಟಿದ ಮೇಸ್ತ್ರಿ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ.

ಶಾಲು ಬಂತು. ಇಬ್ಬರಿಗೂ ಹೊದಿಸಿದರು. ಮೇಡಂ ಅದರ ಅಂಚನ್ನು ಬೆರಳಲ್ಲಿ ಹೊಸಕಿ ನೋಡಿ, “ಜರಿ ಅಲ್ಲ ಸಾರ್, ಪ್ಲಾಸ್ಟಿಕ್ಕು,” ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕರು. ನಾನೂ ನಕ್ಕೆ.

ಆ ಹದಿನಾಲ್ಕರಲ್ಲಿ ಹದಿಮೂರು ಮನೆ ಇನ್ನೂ ನಿಂತಿವೆ. ಅದು ಕಟ್ಟಿದವರ ಪುಣ್ಯ, ನನ್ನದಲ್ಲ. ಮುಂದಿನ ವರ್ಷ ಹೊಸ ಸೂರಿನ ಪಟ್ಟಿ ಬಂದಾಗ ಆ ಬೀದಿಯ ಒಂದು ಹೆಸರೂ ಇರಲಿಲ್ಲ. ಕಾಯಿ ಸುಲಿಯುವವನು ಕಚೇರಿಗೆ ಹೋಗಿ ಕೇಳಿದ್ದಕ್ಕೆ ಮೊಬೈಲಿನಲ್ಲಿ ಅವನದೇ ಮನೆಯ ಫೋಟೋ ತೋರಿಸಿ, “ಅರಮನೆ ಕಟ್ಕೊಂಡು ಮಣ್ಣಿನ ಮನೆ ಅಂತೀಯಲ್ಲಯ್ಯ,” ಎಂದು ಕಳಿಸಿದರಂತೆ. ಮಳೆ ಹಿಡಿದ ನಾಲ್ಕನೇ ದಿನ, ಮಧ್ಯಾಹ್ನ ಊಟ ಮಾಡಿ ನಡುಮನೆಯಲ್ಲಿ ಮಲಗಿದ್ದವನ ಮೇಲೆ ಮಾಳಿಗೆ ಕುಸಿಯಿತು. ಹೆಂಡತಿ, ಮಗಳು ಮುಂದಿನ ಕೋಣೆಯಲ್ಲಿದ್ದರು, ಉಳಿದರು. ಅವನ ತೊಡೆಯ ಮೇಲೆ ತೊಲೆ ಬಿದ್ದಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದ. ಕಾಲು ಉಳಿಯಿತು, ನಿಲ್ಲುವ ಶಕ್ತಿ ಉಳಿಯಲಿಲ್ಲ. ನಾನು ಆ ವಾರ ಆ ಬೀದಿಯ ತುದಿಯವರೆಗೆ ಹೋಗಿ, ದೂರದಿಂದ ನೋಡಿ ಬಂದೆ. ಮುಂಭಾಗಕ್ಕೆ ಒಂದು ಬಿರುಕೂ ಬಂದಿರಲಿಲ್ಲ. ನವಿಲುಗಳು ಹಾಗೇ ಇದ್ದವು.

ನೋಟೀಸು ಬಂತು. ಲಾಗಿನ್ ಯಾರ ಹೆಸರಿನಲ್ಲಿತ್ತೋ ಅವರಿಗೆ. ಮೇಡಂ ನಿವೃತ್ತರಾಗಲು ಆಗ ಐದು ತಿಂಗಳಿತ್ತು.

ಹೆಡ್‌ಮಾಸ್ಟರು ಸ್ಟಾಫ್‌ರೂಮಿಗೇ ಬಂದು ಕೇಳಿದರು. “ಇದು ಹೆಂಗಾಯ್ತು ಮೇಡಂ? ನೀವು ಮಾಳಿಗೆ ಗುರುತು ಹಿಡೀದೆ ಹೋದ್ರಿ ಅಂದ್ರೆ ನಾನು ನಂಬಲ್ಲ.”

ಮೇಡಂ ಒಂದು ಗುಂಡಿ ಹೊಲಿಯುತ್ತಿದ್ದರು. ದಾರ ಕಡಿದು, “ತಪ್ಪಾಗೋಗಿದೆ ಸಾರ್. ನಂದೇ,” ಅಂದರು.

ನನ್ನ ಕಡೆ ನೋಡಲಿಲ್ಲ. ಅವತ್ತು ಅವರು ಒಂದು ಸಲ ನೋಡಿದ್ದರೆ ಎಲ್ಲರೆದುರು ಒಪ್ಪಿಕೊಂಡುಬಿಡುತ್ತಿದ್ದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಕಣ್ಣು ಆಗ ದಿನಪತ್ರಿಕೆಯಲ್ಲಿತ್ತು. ಅವರು ನೋಡಿದರೋ ಇಲ್ಲವೋ ನೋಡಲು ನಾನು ತಲೆ ಎತ್ತಿರಲೇ ಇಲ್ಲ.

ನನ್ನನ್ನು ಕಾಡತೊಡಗಿದ್ದು ಆ ಮನುಷ್ಯನ ಕಾಲಲ್ಲ, ಮೇಡಂ ಮಾನವೂ ಅಲ್ಲ. ಆ ನೋಟ್‌ಬುಕ್ಕು. ಅದನ್ನು ನಾನು ಅವರಿಗೆ ವಾಪಸು ಕೊಟ್ಟಿದ್ದೆ. ಅದರಲ್ಲಿ ಹದಿನಾಲ್ಕು ಸಲ ‘ಮಾಳಿಗೆ’ ಎಂದಿತ್ತು. ತನಿಖೆಯವರ ಮುಂದೆ ಅವರು ಅದನ್ನು ಇಟ್ಟರೆ ನನ್ನ ಕಥೆ ಮುಗಿಯಿತು. ಒಂದು ಭಾನುವಾರ, ಮೇಡಂ ಊರಿಗೆ ಹೋಗಿದ್ದಾರೆ ಎಂದು ತಿಳಿದು, ಮೂಸಂಬಿ ಕಟ್ಟಿಸಿಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಹೆಬ್ಬೂರು ದಾಟುವಾಗ ಅಭ್ಯಾಸಬಲದಿಂದ ಕಿಟಕಿಯಾಚೆ ಗುರುತು ಹಿಡಿಯುತ್ತಿದ್ದೆ: ನಾಡಹೆಂಚು, ಶೀಟು, ಚಪ್ಪಡಿ, ಮುಂದೆ ಆರ್‌ಸಿಸಿ ಹಿಂದೆ ಮಾಳಿಗೆ. ಒಂದೂ ತಪ್ಪಲಿಲ್ಲ. ಅವರು ಅಷ್ಟು ಚೆನ್ನಾಗಿ ಕಲಿಸಿದ್ದರು.

ಅವರದು ಚಪ್ಪಡಿ ಕಲ್ಲಿನ ಹಳೆಯ ಮನೆ. ಮುಂದಕ್ಕೆ ಏನೂ ಸೇರಿಸಿರಲಿಲ್ಲ, ಸುಣ್ಣ ಮಾತ್ರ. ನನ್ನನ್ನು ಚಾಪೆಯ ಮೇಲೆ ಕೂರಿಸಿ ನೀರು ಕೊಟ್ಟರು. ಮಳೆ, ಆರೋಗ್ಯ, ಮಾರ್ಕೋನಹಳ್ಳಿ ಡ್ಯಾಂ ತುಂಬಿದ್ದು, ಎಲ್ಲ ವಿಚಾರಿಸಿದೆ. ಆಮೇಲೆ ಬಹಳ ಹಗುರವಾಗಿ, ಏನೋ ನೆನಪಾದವನ ಹಾಗೆ, “ಅಲ್ಲಾ ಮೇಡಂ, ಆ ಸರ್ವೆ ನೋಟ್‌ಬುಕ್ಕು ಎಲ್ಲಾದ್ರೂ ಇದೆಯಾ?” ಅಂದೆ.

ಅವರು ಎದ್ದು ಹೋಗಿ ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಅದನ್ನು ತಂದು ನನ್ನ ಮುಂದಿಟ್ಟರು.

“ಇದಕ್ಕೇ ತಾನೇ ಸಾರ್ ಬಂದಿದ್ದು. ಮೂಸಂಬಿ ಯಾಕೆ ತರೋಕೋದ್ರಿ?”

ನಾನು ಏನೋ ಹೇಳಲು ಬಾಯಿ ತೆರೆದೆ.

“ಬೇಡ ಬುಡಿ. ನಿಮಗಿನ್ನೂ ಐದು ವರ್ಷ ಸರ್ವೀಸ್ ಐತೆ ಅಂತ ನಾನು ಸುಮ್ನಿದೀನಿ ಅಂದ್ಕೋಬೇಡಿ. ಆಫೀಸಲ್ಲಿ ವಿಚಾರಿಸ್ದೆ. ಸರ್ವೆ ಮಾಡಿದೋರೇ ‘ತಪ್ಪಾಗಿ ಬರೆದಿದೀನಿ’ ಅಂತ ಬರ್ಕೊಟ್ರೆ ಆ ಮನೆಯೋರ ಹೆಸ್ರು ಮುಂದಿನ ಪಟ್ಟಿಗೆ ಸೇರ್ಸಬೌದಂತೆ. ನಾನಲ್ಲ, ಅವ್ರು, ಅಂತ ಜಗಳ ಆದ್ರೆ ತನಿಖೆ. ತನಿಖೆ ಅಂದ್ರೆ ಎರಡು ವರ್ಷ. ಅಲ್ಲೀಗಂಟ ಅವರು ಎಲ್ಲಿ ಮಲಗ್ತಾರೆ ಸಾರ್? ಮುಂದಿನ ಹತ್ತಡೀಲಿ ಮೂರು ಜನ ಅವ್ರೆ.”

“ಮೇಡಂ, ನಾನು…”

“ನೀವು ಆ ಮನೆಗೆ ಹೋಗಿದ್ರಾ?”

“ಬೀದಿವರೆಗೆ ಹೋಗಿದ್ದೆ.”

“ಬೀದಿಯಿಂದ ಕಾಣೋದು ಮುಖ.”

ಇಷ್ಟೇ ಅವರು ನನಗೆ ಬೈದದ್ದು. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಮಾರನೆಯ ಬೆಳಿಗ್ಗೆ ಸ್ನಾನದ ನೀರು ಕಾಯಿಸುವ ಒಲೆಗೆ ಹಾಕಿದೆ. ಇನ್ನೂರು ಪುಟ, ಹಂಡೆ ನೀರು ಬೆಚ್ಚಗೂ ಆಗಲಿಲ್ಲ.

ಅವರ ರಿಜಿಸ್ಟರಿನಲ್ಲಿ ‘ಕರ್ತವ್ಯಲೋಪ, ಎಚ್ಚರಿಕೆ ನೀಡಲಾಗಿದೆ’ ಎಂದು ಕೆಂಪು ಶಾಯಿಯಲ್ಲಿ ಬರೆದರು. ಬೀಳ್ಕೊಡುಗೆಯ ದಿನ ಗೋಡೆ ಗಡಿಯಾರ ಕೊಟ್ಟೆವು. ಭಾಷಣ ಯಥಾಪ್ರಕಾರ ನನ್ನದು. ‘ಕರ್ತವ್ಯನಿಷ್ಠೆಗೆ ಇನ್ನೊಂದು ಹೆಸರು’ ಅಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಲಧಿಕಾರಿಗಳು ಒಂದಿಷ್ಟು ಕೆಮ್ಮಿದರು. ಮೇಡಂ ಮಾತ್ರ ಗಡಿಯಾರದ ಹಿಂದೆ ಮೊಳೆಗೆ ಸಿಕ್ಕಿಸುವ ತೂತು ಸರಿಯಿದೆಯೇ ಎಂದು ತಿರುಗಿಸಿ ನೋಡುತ್ತಿದ್ದರು.

ಅದಾದ ಮೇಲೆ ಅವರನ್ನು ನಾನು ಎರಡೇ ಸಲ ನೋಡಿದ್ದು, ಎರಡೂ ಸಲ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ, ದೂರದಿಂದ. ಕೈಯಲ್ಲಿ ದೊಡ್ಡ ಬಟ್ಟೆ ಚೀಲ ಹಿಡಿದು ಗುಬ್ಬಿ ಬಸ್ಸು ಹತ್ತುತ್ತಿದ್ದರು. ನಿವೃತ್ತರಾದವರಿಗೆ ಗುಬ್ಬಿಯಲ್ಲಿ ಏನು ಕೆಲಸ ಎಂದು ಯೋಚಿಸಿದೆ. ಕೇಳಲಿಲ್ಲ. ಒಂದು ಸಲವಂತೂ ಕಂಬದ ಹಿಂದೆ ಸರಿದು ನಿಂತೆ.

ಸಂತಾಪ ಸಭೆ ಮುಗಿಸಿ, ಲೆಕ್ಕದ ಮೇಷ್ಟ್ರಿಗೆ ‘ಹಣೆಬರಹ’ ಎಂದು ಹೇಳಿದ ಆ ದಿನ, ಗೇಟಿನ ಹೊರಗೆ ಬಂದವನಿಗೆ ಬಸ್‌ಸ್ಟ್ಯಾಂಡಿನ ಕಡೆ ಕಾಲು ಹೋಗಲಿಲ್ಲ. ಹೇಳಬೇಕಾದವರು ಹೋಗಿಬಿಟ್ಟಿದ್ದರು. ಇನ್ನು ಉಳಿದದ್ದು ಆ ಮನೆಯವರು. ನೇರ ಆ ಬೀದಿಗೆ ಹೋದೆ.

ಮನೆಯ ಹಿಂಭಾಗಕ್ಕೂ ಈಗ ಆರ್‌ಸಿಸಿ ಸೂರು ಬಂದಿದೆ. ಮುಂಭಾಗದ ರೋಸ್ ಬಣ್ಣ ಮಾಸಿದೆ. ಮೊದಲ ಸಲ ಹೊಸಲು ದಾಟಿ ಒಳಗೆ ಹೋದೆ. ಕಾಯಿ ಸುಲಿಯುತ್ತಿದ್ದವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದ. ಮಗ್ಗುಲಲ್ಲಿ ಊರುಗೋಲು. ನಾನು ಇಂಥವನು, ಹೊಲಿಗೆ ಮೇಡಂ ಜೊತೆ ಸರ್ವೆಗೆ ಬಂದಿದ್ದವನು ಎಂದ ಕೂಡಲೇ ಹೆಂಡತಿಯನ್ನು ಕೂಗಿದ. “ಲೇ, ಮೇಷ್ಟ್ರು ಬಂದವ್ರೆ, ಕುರ್ಚಿ ತಾರೇ.”

ಆಕೆ ಕುರ್ಚಿ ತಂದಳು, ಸೆರಗಿನಿಂದ ಒರೆಸಿದಳು. ಮೇಡಂ ತೀರಿಕೊಂಡ ಸುದ್ದಿ ಅವರಿಗೆ ಗೊತ್ತಿತ್ತು. ಆಕೆ ಅತ್ತಳು. ಮೇಡಂ ತಿಂಗಳಿಗೊಂದು ಸಲ ಬರುತ್ತಿದ್ದರಂತೆ. ಇವಳಿಗೆ ಹೊಲಿಗೆ ಕಲಿಸಿದರಂತೆ, ತಮ್ಮ ಹಳೇ ಮಿಷನ್ನನ್ನೇ ತಂದುಕೊಟ್ಟರಂತೆ. ಮಗಳ ಮದುವೆಯ ಬ್ಲೌಸೆಲ್ಲ ಅವರೇ ಹೊಲಿದರಂತೆ. ಕಚೇರಿಗೆ ಅಲೆದು ಸೂರು ಮಂಜೂರು ಮಾಡಿಸಿದವರೂ ಅವರೇ.

ನಾನು ಹೇಳಿದೆ. “ನೋಡಿ, ನಿಮ್ಮ ಮನೇನ ಆರ್‌ಸಿಸಿ ಅಂತ ಬರೆದದ್ದು ಮೇಡಂ ಅಲ್ಲ. ಅವರು ಮಾಳಿಗೆ ಅಂತಲೇ ಬರೆದಿದ್ರು. ಮೊಬೈಲಿಗೆ ತಪ್ಪು ಏರಿಸಿದ್ದು ನಾನು. ಹೋಟ್ಲಲ್ಲಿ ಕೂತ್ಕೊಂಡು, ಬೇಕಂತಲೇ.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಅವನು ಕತ್ತಿ ಕೆಳಗಿಟ್ಟ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಬುಡಿ ಸಾರ್,” ಅಂದ. “ಮೇಡಂ ನಮ್ಮತ್ರ ಎಲ್ಲಾ ಹೇಳವ್ರೆ. ಇದೇ ಜಾಗದಲ್ಲಿ ಕೂತ್ಕೊಂಡು, ನಂದೇ ತಪ್ಪು ಕಣಪ್ಪ, ನಾನೇ ಸರಿಯಾಗಿ ನೋಡ್ಲಿಲ್ಲ ಅಂತ ಕಣ್ಣೀರು ಹಾಕ್ಬುಟ್ರು. ಮನುಷ್ಯರು ಅಂದ್ಮೇಲೆ ತಪ್ಪಾಗುತ್ತೆ. ನಾವು ಅವತ್ತೇ ಮರ್ತ್ವಿ.”

“ಅವರು ಹೇಳಿದ್ದು ಸುಳ್ಳು ಕಣಯ್ಯ. ನಾನು ಮಾಡಿದ್ದು ಅದು.”

ಅವನು ನಕ್ಕ. “ಸತ್ತೋರ್ ಮೇಲೆ ಮಾತು ಬರ್ಬಾರ್ದು ಅಂತ ನೀವು ಹೇಳ್ತಿದೀರಿ, ನಮಗೆ ಗೊತ್ತಾಗಲ್ವಾ ಸಾರ್? ಅವರಿಗೆ ನಿಮ್ಮ ಮೇಲೆ ಭಾಳ ಗೌರವ ಇತ್ತು. ನಮ್ಮ ಸಮಾಜದ ಮೇಷ್ಟ್ರಿಗೆ ಎಲ್ಲಾ ಥರದ ಮನೇನೂ ಗುರ್ತು ಹಿಡ್ಯೋಕೆ ಬರುತ್ತೆ ಅಂತಿದ್ರು.”

ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿಯೊಬ್ಬರು ಬಾಗಿಲಿಗೆ ಬಂದು, ಯಾರು ಬಂದಿರೋದು ಎಂದು ಕೇಳಿದರು. ಹೆಂಡತಿ ಕಾಫಿ ಲೋಟ ನನ್ನ ಕೈಗೆ ಕೊಡುತ್ತಾ, “ಹೊಲಿಗೆ ಮೇಡಂ ಸ್ಕೂಲಿನ ಮೇಷ್ಟ್ರು ಕಣಜ್ಜಿ. ಅವ್ರ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳಕ್ಕೆ ತುಮಕೂರಿಂದ ಬಂದವ್ರೆ. ಇಂಥೋರು ಎಲ್ಲವ್ರೆ ಈಗ,” ಅಂದಳು. ಅಜ್ಜಿ ನನ್ನನ್ನು ಒಂದು ಗಳಿಗೆ ನೋಡಿ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು.

ಎರಡು ಸಲ ಹೇಳಿದ್ದೆ. ಮೂರನೇ ಸಲ ಹೇಳಲಿಲ್ಲ. ಕಾಫಿ ಕುಡಿದೆ.